ನಾದಿನಿಯ ಫೋಮಿನ ಕವಚ

ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ ಉಳಿಯುವ ಸಂದಿಗೆ ಹೊಡೆಯುವ ಫೋಮ್ ನಮ್ಮ ಮನೆಗೆ ಹೊಸದಲ್ಲ. ನಮ್ಮ ಮನೆಯವರದು ಸಿಂಧನೂರಿನಲ್ಲಿ ಅಲ್ಯುಮಿನಿಯಂ ಕಿಟಕಿ, ಬಾಗಿಲು ಕೂರಿಸುವ ಅಂಗಡಿ. ಉದ್ದನೆಯ ಡಬ್ಬಿ, ಅದರ ತಲೆಗೊಂದು ತೆಳ್ಳನೆಯ ನಳಿಕೆ. ಚೆನ್ನಾಗಿ ಕುಲುಕಿ ಒತ್ತಿದರೆ ಹಳದಿ ನೊರೆ ಬರುತ್ತದೆ, ನೋಡುತ್ತಿದ್ದಂತೆ ಉಬ್ಬುತ್ತದೆ, ಕೆಲವು ತಾಸಿನಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಬ್ಲೇಡು ಹಚ್ಚಿದರೆ ಬ್ರೆಡ್ಡಿನಂತೆ ಕೊಯ್ಯಬಹುದು. ತೂಕವಂತೂ ಇಲ್ಲವೆಂದೇ ಹೇಳಬೇಕು. ಇಷ್ಟು ವರ್ಷ ನಾನು ಅದನ್ನು ಕಂಡದ್ದು ಅವರ ಅಂಗಿಯ ತೋಳಿನ ಮೇಲೆ, ಒಗೆಯುವಾಗ. ಅಂಗಿ ಹರಿದೀತು, ಅದು ಬಿಡದು.

ಅದರಿಂದ ರಾಜನ ವೇಷಕ್ಕೆ ಕವಚ ಮಾಡಲು ನಾನು ಕುಳಿತದ್ದು ನಾದಿನಿಯ ಸಲುವಾಗಿ.

ನಾದಿನಿ ನಮ್ಮ ಮನೆಯವರ ಒಬ್ಬಳೇ ತಂಗಿ. ಮಸ್ಕಿಗೆ ಕೊಟ್ಟಿದೆ. ಅಲ್ಲಿನ ಭಜನೆಯ ಹೆಣ್ಣುಮಕ್ಕಳು ಸೇರಿ ಶ್ರಾವಣದಲ್ಲಿ, ಮಠದ ಪುರಾಣ ಮುಗಿಯುವ ದಿನ, ದೊಡ್ಡಾಟ ಆಡುತ್ತಾರೆ. ಗಂಡಸರ ದೊಡ್ಡಾಟ ಬೆಳಗಿನತನಕ ನಡೆಯುವುದು. ಹೆಂಗಸರದು ಹಗಲಾಟ. ಪ್ರಸಾದದ ಪಂಕ್ತಿ ಎದ್ದ ಮೇಲೆ ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ಮುಗಿಯಬೇಕು, ಯಾಕೆಂದರೆ ಬಣ್ಣ ತೊಳೆದುಕೊಂಡು ಹೋಗಿ ರೊಟ್ಟಿ ಬಡಿಯಬೇಕಾದವರೂ ಅವರೇ. ನಾದಿನಿ ಎತ್ತರದ ಆಳು, ದೊಡ್ಡ ಗಂಟಲು. ಆರು ವರ್ಷದಿಂದ ದೈತ್ಯರಾಜನ ವೇಷ ಅವಳದೇ.

ಹೋದ ವರ್ಷ ಅವಳ ಎಡಗಡೆಯ ಎದೆಯಲ್ಲಿ ಗಂಟು ಕಂಡಿತು. ದೊಡ್ಡ ದವಾಖಾನೆಯಲ್ಲಿ ಆ ಎದೆಯನ್ನೇ ತೆಗೆದರು, ಕಂಕುಳಲ್ಲಿದ್ದ ಗಂಟುಗಳನ್ನೂ ತೆಗೆದರು. ಆ ಶ್ರಾವಣದಲ್ಲಿ ಆಟವಾಗಲಿಲ್ಲ. ಔಷಧಿಯೆಲ್ಲ ಮುಗಿದು, ಉದುರಿದ ಕೂದಲು ಮತ್ತೆ ಬಂದು, ಈ ಬೇಸಿಗೆಯಲ್ಲಿ ಅವಳು ನಮ್ಮ ಮನೆಗೆ ಬಂದಾಗ ಮೊದಲು ಹೇಳಿದ ಮಾತು ಈ ಸಲ ಆಡುತ್ತೇನೆ ಎಂಬುದು. ಡಾಕ್ಟರು ಕುಣಿಯಬೇಡ ಎಂದಿರಲಿಲ್ಲ. ಎಡ ಹೆಗಲಿನ ಮೇಲೆ ಭಾರ ಬೀಳಕೂಡದು, ಬಿಗಿಯಾಗಿ ಏನೂ ಕಟ್ಟಕೂಡದು, ಕೈ ಒಮ್ಮೆ ಬಾತುಕೊಂಡರೆ ಇಳಿಸುವುದು ಕಷ್ಟ ಎಂದಷ್ಟೇ ಹೇಳಿದ್ದರು.

ದೊಡ್ಡಾಟದ ರಾಜನನ್ನು ಕಂಡವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ. ಎದೆಗೆ ಕಟ್ಟಿಗೆಯ ಹಲಗೆ. ಎರಡೂ ಹೆಗಲಿನಿಂದ ರೆಕ್ಕೆಯಂತೆ ಏಳುವ ಭುಜಕೀರ್ತಿ, ಅದೂ ಕಟ್ಟಿಗೆಯದೇ, ಮೈತುಂಬ ಕನ್ನಡಿ ಚೂರು. ತಲೆಗೆ ಮೊಳದೆತ್ತರದ ಕಿರೀಟ. ಎಲ್ಲವನ್ನೂ ಹಗ್ಗ ಹಾಕಿ, ಬೆನ್ನಿಗೆ ಮೊಣಕಾಲು ಕೊಟ್ಟು ಬಿಗಿಯುತ್ತಾರೆ.

ಅಡುಗೆಮನೆಯಲ್ಲಿ ಚಹ ಕುಡಿಯುತ್ತ ನಾದಿನಿ ನನಗೆ ಹೇಳಿದಳು: "ಗಂಡಸರ ವೇಷ ಹಾಕೂ ಮುಂದ ಎದಿಗೆ ಬಟ್ಟಿ ಬಿಗಿದು ಬಿಗಿದು ಉಸಿರ ಕಟ್ಟತಿತ್ತ ವೈನಿ. ಈಗ ಅರ್ಧ ಕೆಲಸ ಡಾಕ್ಟರ ಮಾಡಿ ಕಳಿಸ್ಯಾರ."

ಅತ್ತೆ ಹೊಸ್ತಿಲ ಮೇಲೆ ಕುಳಿತು ಪಲ್ಲೆ ಸೋಸುತ್ತಿದ್ದರು. "ಬಾಯಿ ಮುಚ್ಚಲೇ. ಜೀವ ಉಳದೈತಿ, ಶಿವನ ಕಾಲಿಗೆ ಬಿದ್ದು ಮನ್ಯಾಗ ಕುಂದ್ರು. ಯಾರ ನೋಡಬೇಕಾಗೇತಿ ನಿನ್ನ ಕುಣತಾ?"

"ಮಸ್ಕಿ ಮಂದಿ ನೋಡ್ತಾರ ಬೇ."

"ಬರ್ತಾರ, ನೋಡಾಕ. ಏನ ಉಳದೈತಿ, ಏನ ಹೋಗೇತಿ ಅಂತ."

ನಾದಿನಿ ಬಟ್ಟಲು ಕೆಳಗಿಟ್ಟಳು. "ಅದಕ್ಕ ಆಡಾಕತ್ತೀನಿ. ವರ್ಷ ಆತು, ಮಂದಿ ನನ್ನ ಮಾರಿ ನೋಡೂದ ಬಿಟ್ಟಾರ. ಎದುರ ಬಂದವ್ರ ಕಣ್ಣ ಮೊದಲ ಇಲ್ಲೇ ಬೀಳತೈತಿ. ರಾಜನ ಮುಂದ ಹಂಗ ನೋಡಿಕೋಂತ ನಿಂದರಾಕ ಯಾರಿಗೂ ಆಗೂದಿಲ್ಲ. ಒಂದ ದಿನ ನನ್ನ ಮಾರಿ ನೋಡ್ಲಿ, ಸಾಕು."

ಅತ್ತೆ ಪಲ್ಲೆಯ ಕಡೆ ನೋಡಿದರು. ನನಗೆ ನಮ್ಮ ಮನೆಯವರ ಅಂಗಿಗೆ ಹತ್ತುವ ತೂಕವಿಲ್ಲದ ಫೋಮ್ ನೆನಪಾಯಿತು.

ಮರುವಾರ ನಾನೂ ಅವರೂ ಲಿಂಗಸುಗೂರಿಗೆ ಹೋದೆವು. ಅವರಿಗೆ ಒಂದು ಮನೆಯ ಕಿಟಕಿ ಅಳತೆ ತೆಗೆದುಕೊಳ್ಳುವುದಿತ್ತು. ನಾನು ವೇಷದ ಸಾಮಾನು ಬಾಡಿಗೆಗೆ ಕೊಡುವವರ ಮನೆ ಹುಡುಕಿಕೊಂಡು ಹೋಗಿ, ಹಲಗೆ, ಭುಜಕೀರ್ತಿ, ಕಿರೀಟಗಳನ್ನು ಹಳೆಯ ಪತ್ರಿಕೆಯ ಮೇಲೆ ಮಲಗಿಸಿ ಸುತ್ತಲೂ ಪೆನ್ನಿನಿಂದ ಗೆರೆ ಎಳೆದುಕೊಂಡೆ. ಆ ಮನೆಯ ಯಜಮಾನರು ಏನು ಎತ್ತ ಎಂದು ಕೇಳಲಿಲ್ಲ. ಕಿರೀಟ ಮುಟ್ಟುವ ಮೊದಲು ಕೈಮುಗಿದೆಯಲ್ಲ, ಅಷ್ಟು ಸಾಕು ತಾಯಿ ಎಂದರು. ಒಂದು ಭುಜಕೀರ್ತಿಯನ್ನು ನಾನೇ ಎತ್ತಿ ನೋಡಿದೆ. ತುಂಬಿದ ಕೊಡದಷ್ಟಿತ್ತು.

ಅಂಗಡಿಯಲ್ಲಿ ಅರ್ಧ ಬಳಸಿ ಬಿಟ್ಟ ಡಬ್ಬಿಗಳಿದ್ದವು. ಅವುಗಳ ನಳಿಕೆಯಲ್ಲಿ ಫೋಮ್ ಗಟ್ಟಿಯಾಗಿ ಕುಳಿತಿತ್ತು. ಸೂಜಿ ಚುಚ್ಚಿ, ಸಲಾಕಿ ತೂರಿಸಿ ನೋಡಿದೆ. ಏಳರಲ್ಲಿ ನಾಲ್ಕು ಬಾಯಿ ಬಿಟ್ಟವು. ಅದನ್ನು ನಾನು ಪ್ರಸಾದವೆಂದೇ ತೆಗೆದುಕೊಂಡೆ.

ಮನೆಯ ಹಿಂದಿನ ಬಯಲಲ್ಲಿ ರಟ್ಟು ಹಾಸಿ, ಪತ್ರಿಕೆಯ ಗೆರೆಯನ್ನು ಅದರ ಮೇಲೆ ಇಳಿಸಿ, ಗೆರೆಯೊಳಗೆ ಫೋಮ್ ಹೊಡೆದೆ. ರಂಗೋಲಿ ಹಾಕುವ ಕೈ, ಎಳೆ ನೇರವಾಗಿಯೇ ಬಂತು. ಆದರೆ ಇದು ರಂಗೋಲಿಯಂತೆ ಹಾಕಿದಲ್ಲಿ ನಿಲ್ಲುವುದಿಲ್ಲ. ಪೂಜೆ ಮುಗಿಸಿ ಬಂದು ನೋಡಿದರೆ ಭುಜಕೀರ್ತಿ ಬಾತುಕೋಳಿಯ ಹಾಗೆ ಊದಿಕೊಂಡು ರಟ್ಟಿನಾಚೆ ನೆಲ ಹಿಡಿದಿತ್ತು. ಮರುದಿನ ಕೊಯ್ದರೆ ಮೇಲೆ ಗಟ್ಟಿ, ಒಳಗೆ ಅಂಟಂಟು ಹಸಿ. ಹಸಿಯನ್ನು ಬೆರಳಿನಿಂದ ಮುಟ್ಟಿದ್ದು ತಪ್ಪಾಯಿತು. ಬೆರಳು ತುಂಬ ಹಿಡಿದುಕೊಂಡಿತು. ಸೀಮೆಎಣ್ಣೆ, ಥಿನ್ನರ್, ಕಲ್ಲು ಯಾವುದಕ್ಕೂ ಹೋಗಲಿಲ್ಲ. ನಾಲ್ಕು ದಿನ ಅದೇ ಕಪ್ಪು ಹಿಡಿದ ಕೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದೆ. ಶಿವ ಬೇಡವೆನ್ನಲಿಲ್ಲ.

ನಮ್ಮ ಮನೆಯವರು ಊಟಕ್ಕೆ ಬಂದವರು ನೋಡಿ, "ನೀರ ಹೊಡಿಬೇಕ ಅದಕ" ಎಂದರು. "ಗಾಳ್ಯಾಗಿನ ಪಸಿ ಕುಡದು ಅದು ಗಟ್ಟಿ ಆಗೂದು. ನಮ್ಮ ಊರ ಬ್ಯಾಸಿಗ್ಯಾಗ ಪಸಿ ಎಲ್ಲಿ ಐತಿ? ತೆಳ್ಳಗ ಹೊಡಿ, ನೀರ ಚಿಮುಕಿಸು, ಆರಿದ ಮ್ಯಾಲ ಮತ್ತ ಹೊಡಿ."

"ಮೊದಲ ಹೇಳಬಾರದೇನ್ರಿ?"

"ನೀ ಮೊದಲ ಕೇಳೀದೇನು?"

ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಅಂದಿನಿಂದ ಫೋಮಿನ ಪಾಲಾಯಿತು. ಹಪ್ಪಳದಷ್ಟು ದಪ್ಪ ಒಂದು ಸುತ್ತು, ಅದಕ್ಕೆ ನೀರು, ಮೂರು ತಾಸು ಬಿಟ್ಟು ಇನ್ನೊಂದು ಸುತ್ತು. ಬೆಳಗಿನ ರೊಟ್ಟಿ ಆದ ಮೇಲೆ ಒಂದು, ಮಧ್ಯಾಹ್ನ ಒಂದು, ಸಂಜೆ ಕಸ ಹೊಡೆಯುವ ಮುಂಚೆ ಒಂದು. ಒಣಗಿದ್ದನ್ನು ಬ್ಲೇಡಿನಿಂದ ಕೊಯ್ದು, ಪಾಲಿಶ್ ಪೇಪರಿನಿಂದ ತಿಕ್ಕಿ ಆಕಾರಕ್ಕೆ ತರಬೇಕು. ತಿಕ್ಕಿದ ಪುಡಿ ಮೂಗಿಗೆ ಹೋಗದಂತೆ ಸೆರಗು ಕಟ್ಟಿಕೊಳ್ಳುತ್ತಿದ್ದೆ. ಅದರ ಮೇಲೆ ಮೈದಾ ಗಂಜಿಯಲ್ಲಿ ಪತ್ರಿಕೆಯ ಚೂರು ಅದ್ದಿ ಮೂರು ಪದರ ಹಚ್ಚಿದೆ, ಗೋಡೆಗೆ ಬಳಿಯುವ ಪುಟ್ಟಿ ಸವರಿದೆ. ಕೊನೆಗೆ ಬಂಗಾರದ ಬಣ್ಣ, ಪ್ಲಾಸ್ಟಿಕ್ಕಿನ ಕನ್ನಡಿ ಚೂರು. ಹೆಗಲಿಗೆ ಹಗ್ಗ ಬೇಡವೆಂದು ನಮ್ಮ ಮನೆಯವರು ಅಲ್ಯುಮಿನಿಯಂ ಪಟ್ಟಿ ಬಗ್ಗಿಸಿ ಬೆನ್ನಿಗೊಂದು ಚೌಕಟ್ಟು ಮಾಡಿಕೊಟ್ಟರು. ಭುಜಕೀರ್ತಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಭಾರವೆಲ್ಲ ಸೊಂಟದ ಪಟ್ಟಿಗೆ ಇಳಿಯುತ್ತದೆ. ಇದಕ್ಕೆ ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ಸಂಜೆ ಅಂಗಡಿಯಿಂದ ತಂದು ಸುಮ್ಮನೆ ಕಟ್ಟೆಯ ಮೇಲಿಟ್ಟರು.

ಉಳಿದದ್ದು ಎದೆಯ ನಡುವಿನ ಮುಖ. ಕಟ್ಟಿಗೆಯ ಹಲಗೆಯ ನಡುವೆ ಕಣ್ಣು ತೆರೆದು ಮೀಸೆ ತಿರುವಿದ ಒಂದು ಮುಖವಿರುತ್ತದೆ. ನೋಡುವವರ ಕಣ್ಣು ಎದೆಯ ಮೇಲೆ ಬಿದ್ದರೂ ಆ ಮುಖದ ಮೇಲೇ ಬೀಳಬೇಕು. ನಾನು ಬ್ಲೇಡು ಹಿಡಿದು ಕೆತ್ತಿದೆ. ಮೊದಲನೆಯದು ಬೆಕ್ಕಾಯಿತು. ಎರಡನೆಯದನ್ನು ಅತ್ತೆ ಹಿಂದೆ ನಿಂತು ನೋಡಿ, "ಇದ್ಯಾರ, ನನ್ನ ಮಗ ಏನು?" ಎಂದು ಕೇಳಿ ಒಳಗೆ ಹೋದರು.

ನಮ್ಮ ದೇವರ ಜಗಲಿಯ ಮೇಲೆ ವೀರಭದ್ರನ ಹಿತ್ತಾಳೆಯ ಮುಖವಿದೆ. ಅತ್ತೆಯ ಅತ್ತೆಯ ಕಾಲದ್ದು. ಮುಂದೆ ಮೂಗು, ಮೀಸೆ, ಕಣ್ಣು, ಹಿಂದೆ ಟೊಳ್ಳು. ಒಂದು ಸೋಮವಾರ ಅದನ್ನು ತೊಳೆಯುವಾಗ ಆ ಟೊಳ್ಳು ನನ್ನ ಕಣ್ಣಿಗೆ ಬಿತ್ತು. ಅದರೊಳಗೆ ಫೋಮ್ ಹೊಡೆದರೆ ಅದೇ ಮುಖ ಮೂಡಿಬರುತ್ತದೆ. ದೇವರ ವಸ್ತು, ಹಾಗೆಯೇ ಮುಟ್ಟುವುದು ಸರಿಯಲ್ಲವೆಂದು ಅಪ್ಪಣೆ ಕೇಳಿದೆ. ತೋಯಿಸಿದ ಹೂವನ್ನು ಹಣೆಗೆ ಅಂಟಿಸಿ, ಕಣ್ಣು ಮುಚ್ಚಿ ಕುಳಿತೆ. ಹೂ ಬಲಕ್ಕೆ ಬಿತ್ತು. ಬಲಕ್ಕೆ ಬಿದ್ದರೆ ಒಪ್ಪಿಗೆ. ಹಿಡಿಯಬಾರದೆಂದು ಒಳಗೆಲ್ಲ ವಿಭೂತಿ ಪುಡಿ ಉದುರಿಸಿ, ಹಿತ್ತಲಿಗೆ ಒಯ್ದು ಫೋಮ್ ಹೊಡೆದೆ.

ಎರಡು ತಾಸಿನ ಮೇಲೆ ನೋಡಿದೆ. ಟೊಳ್ಳು ತುಂಬಿ, ಅಂಚು ಮೀರಿ, ಹಗ್ಗ ಕಟ್ಟಲು ಕಿವಿಯಲ್ಲಿ ಬಿಟ್ಟಿದ್ದ ತೂತುಗಳಿಂದ ಹೊರಬಂದು ಎರಡೂ ಕಡೆ ಹೂಕೋಸಿನಂತೆ ಅರಳಿತ್ತು. ಎಳೆದೆ. ಬರಲಿಲ್ಲ. ವಿಭೂತಿಯನ್ನೂ ಸೇರಿಸಿಕೊಂಡು ಹಿತ್ತಾಳೆಯನ್ನು ಕಚ್ಚಿ ಹಿಡಿದಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಬರುವಷ್ಟರಲ್ಲಿ ಅತ್ತೆ ಎದುರಿಗೆ ನಿಂತಿದ್ದರು.

"ಸೆರಗ ತಗಿ."

ತೆಗೆದೆ.

"ಯಪ್ಪಾ ವೀರಭದ್ರಾ." ಅತ್ತೆ ಅಲ್ಲೇ ನೆಲದ ಮೇಲೆ ಕುಳಿತರು. "ದೇವರ ಕಿವ್ಯಾಗ ಏನ ತುರಕೀಯವಾ?"

"ಹೂ ಕೇಳಿದ್ದೆ ಅತ್ತಿ. ಬಲಕ ಬಿತ್ತು."

"ಏನಂತ ಕೇಳೀದಿ? ಹಚ್ಚಲೇನು ಅಂತ ಕೇಳೀದ್ಯೋ, ಹಚ್ಚಿದ್ದು ಬಿಡತೈತೇನು ಅಂತ ಕೇಳೀದ್ಯೋ?"

ಹಚ್ಚಲೇ ಎಂದಷ್ಟೇ ಕೇಳಿದ್ದೆ. ಎಣ್ಣೆ ಸವರಬೇಕಿತ್ತೆಂದು ಆಮೇಲೆ ನಮ್ಮ ಮನೆಯವರು ಹೇಳಿದರು. ಅದನ್ನು ದೇವರು ಹೇಳಬೇಕಿತ್ತೆಂದು ನಾನು ಎಣಿಸುವುದಿಲ್ಲ.

"ದೇವರ ಬ್ಯಾಡ ಅಂದಾನ. ತಿಳೀತಿಲ್ಲೋ? ಇನ್ನ ಆಟ ಸಾಕು. ಫೋನ್ ಮಾಡಿ ಅಕೀಗೆ ಹೇಳು." ಅತ್ತೆ ಆ ಮಾತನ್ನು ಅಷ್ಟಕ್ಕೇ ಮುಗಿಸಿದರು.

ನಾನು ಫೋನ್ ಮಾಡಲಿಲ್ಲ. ಮಾಡುವುದಿಲ್ಲ ಎಂದೂ ಹೇಳಲಿಲ್ಲ. ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ಬಿಡಿಸತೊಡಗಿದೆ. ದಪ್ಪದ ಭಾಗ ಬ್ಲೇಡಿಗೆ ಬಂತು. ಕಿವಿಯ ಹೂಕೋಸೂ ಬಂತು. ಹಿತ್ತಾಳೆಗೆ ತಾಗಿದ ತೊಗಟೆಯನ್ನು ಮಾತ್ರ ಕೆರೆದೇ ತೆಗೆಯಬೇಕು. ಬ್ಲೇಡು ಹಚ್ಚಿದರೆ ದೇವರ ಮೂಗಿಗೆ ಗೀರು ಬೀಳುತ್ತದೆ. ಬಿದಿರಿನ ಕಡ್ಡಿ ಚೂಪು ಮಾಡಿಕೊಂಡು ಕೆರೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅತ್ತೆಯೂ ಬಂದು ಎದುರಿಗೆ ಕುಳಿತು ತಲೆಯ ಪಿನ್ನು ತೆಗೆದು ಕಣ್ಣಿನ ಸಂದಿಯನ್ನು ಕೆರೆಯತೊಡಗಿದರು. ಮೂರು ಮಧ್ಯಾಹ್ನ ಹೀಗೆ ಕುಳಿತೆವು. ಎರಡನೆಯ ದಿನ ಅತ್ತೆ, ಮುಖದಿಂದ ಕಣ್ಣೆತ್ತದೆ, "ನನಗ ತೋರಸಿಲ್ಲ ಅಕೀ" ಎಂದರು.

"ಏನ ಅತ್ತಿ?"

"ಗಾಯ. ದವಾಖಾನ್ಯಾಗೂ ತೋರಸಲಿಲ್ಲ, ಮನಿಗಿ ಬಂದ ಮ್ಯಾಲೂ ಇಲ್ಲ. ಹಡದಾಕಿ ನಾನು. ಎರಕೊಳ್ಳೂ ಮುಂದ ಬಾಗಲ ಹಾಕ್ಕೊಂತಾಳ."

ನಾನು ಕೆರೆಯುತ್ತಲೇ ಇದ್ದೆ. ಇಂಥ ಮಾತಿಗೆ ತಲೆಯೆತ್ತಿದರೆ ಅದು ಅಲ್ಲಿಗೇ ನಿಂತುಹೋಗುತ್ತದೆ.

ಮೂರನೆಯ ದಿನ ಹುಣಸೆಹುಳಿ, ಬೂದಿ ಹಚ್ಚಿ ತೊಳೆದೆವು. ಒಳಗಡೆ ಅಲ್ಲಲ್ಲಿ ಕಂದು ಕಲೆ ಉಳಿದವು. ಹೊರಗಡೆ ಒಂದು ಗೀರೂ ಇರಲಿಲ್ಲ. ಅತ್ತೆ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಣ್ಣೆಯ ಬಟ್ಟಲು ತಂದು ನನ್ನ ಮುಂದಿಟ್ಟರು. "ಈ ಸಲ ಬರೋಬ್ಬರಿ ಸವರು" ಎಂದರು.

ನಾನು ಅವರ ಮುಖ ನೋಡಿದೆ.

"ಏನ ನೋಡ್ತಿ? ಬ್ಯಾಡ ಅನ್ನವ ಆಗಿದ್ರ ಬಿಟ್ಟು ಕೊಡತಿದ್ದಿಲ್ಲ ಅವ."

ಎಣ್ಣೆ ಸವರಿ, ತೆಳ್ಳಗೆ ಮೂರು ಸುತ್ತು ಹೊಡೆದದ್ದು ಹದಿನೈದು ನಿಮಿಷದ ಎಳೆದಾಟದಲ್ಲಿ ಕಳಚಿಕೊಂಡು ಬಂತು. ಮೂಗು ಸ್ವಲ್ಪ ಮೊಂಡಾಯಿತು, ಮೀಸೆ ಇದ್ದಂತೆಯೇ ಮೂಡಿತು.

ಆಷಾಢದ ಕೊನೆಗೆ ನಾದಿನಿ ಅಳತೆ ನೋಡಲು ಬಂದಳು. ಒಳಗಿನ ಕೋಣೆಯಲ್ಲಿ ಎದೆಯ ಹಲಗೆ ಹಿಡಿದು ನಿಲ್ಲಿಸಿದೆ. ಹೊರಗಡೆಯನ್ನು ನಾನು ಎಷ್ಟು ತಿಕ್ಕಿದ್ದೆನೋ ಒಳಗಡೆಯನ್ನು ಅಷ್ಟು ತಿಕ್ಕಿರಲಿಲ್ಲ. ಒಡೆದ ಗುಳ್ಳೆಗಳ ಅಂಚು ಮುಳ್ಳಿನಂತೆ ನಿಂತಿದ್ದವು. ಅವಳು ಉಸಿರು ಒಳಗೆ ಎಳೆದುಕೊಂಡಳು.

"ಚುಚ್ಚಾಕತ್ತೈತೇನು?"

"ಇಲ್ಲ ವೈನಿ. ನಡೀತೈತಿ."

ಬಾಗಿಲು ಅರ್ಧ ತೆರೆದು ಅತ್ತೆ ಒಳಗೆ ಬಂದರು. ಕೈಯಲ್ಲಿ ತಮ್ಮದೇ ಹಳೆಯ ಹತ್ತಿ ಸೀರೆ, ಒಗೆದು ಒಗೆದು ಬಾಳೆಯ ಎಳೆ ಎಲೆಯಷ್ಟು ಮೆತ್ತಗಾದದ್ದು. ನಾದಿನಿ ಸೆರಗಿಗೆ ಕೈ ಹಾಕಿದಳು. ಅತ್ತೆ "ಇರಲಿ" ಎಂದರು. ಜಂಪರಿನ ಗುಂಡಿ ತಾವೇ ಬಿಚ್ಚಿದರು. ನೋಡಿದರು. ಎಡಗಡೆ ಚರ್ಮ ಪಕ್ಕೆಲುಬಿಗೆ ಹತ್ತಿಕೊಂಡಿತ್ತು, ಕಂಕುಳಿನತನಕ ಹೊಲಿಗೆಯ ಗುರುತಿತ್ತು. ಅತ್ತೆಯ ಬೆರಳು ಆ ಗುರುತಿನ ಗುಂಟ ಒಮ್ಮೆ ಹೋಯಿತು, ಹಿಂದಕ್ಕೆ ಬಂತು. ಯಾರೂ ಅಳಲಿಲ್ಲ.

"ಇಲ್ಲಿ ನಾಕ ಮಡಿಕಿ ಹಾಕಬೇಕು" ಎಂದರು ನನಗೆ. "ಬಲಕ ಎರಡ ಸಾಕು."

ಅಂದು ಸಂಜೆಯೇ ಸೀರೆ ಮಡಿಸಿ, ಅಂಚು ಹೊಲಿದು, ಗಂಜಿಯಿಂದ ಹಲಗೆಯ ಒಳಗೆ ಹಚ್ಚಿದೆವು. ನಾದಿನಿ ಆ ರಾತ್ರಿ ತನ್ನ ತಾಯಿಯ ಬಳಿ ಮಲಗಿದಳು.

ಶ್ರಾವಣ ಹಿಡಿದ ಮೇಲೆ ಮಸ್ಕಿಯಲ್ಲಿ ತಾಲೀಮು. ಕಲಿಸುವ ಮಾಸ್ತರರು ಗುರುಗುಂಟಾದವರು, ಬಸ್ಸಿಗೆ ಬಂದು ಹೋಗುವವರು. ವಯಸ್ಸಾಗಿದೆ, ಕಾಲು ಮಾತ್ರ ಇನ್ನೂ ತಾಳ ತಪ್ಪುವುದಿಲ್ಲ. ನಾನು ಕವಚವನ್ನು ಸೀರೆಯಲ್ಲಿ ಗಂಟು ಕಟ್ಟಿಕೊಂಡು ಹೋಗಿದ್ದೆ. ಅವರು ಭುಜಕೀರ್ತಿಯನ್ನು ಕಿರುಬೆರಳಿನಿಂದ ಎತ್ತಿದರು.

"ಇದೇನ ತಂಗಿ, ಕವಚೋ ಹಪ್ಪಳೋ?"

"ಅಕೀಗೆ ಭಾರ ಆಗಬಾರದ್ರೀ ಮಾಸ್ತರ."

"ಭಾರ ಆಗಬೇಕು! ಭಾರ ಇದ್ರ ಹೆಜ್ಜಿ ಬೀಳತಾವು. ದೈತ್ಯ ಬಂದ್ರ ನೆಲಾ ಧಂ ಅನಬೇಕು. ಇದನ್ನ ಹಾಕ್ಕೊಂಡು ಕುಣದ್ರ ಗುಬ್ಬಿ ಕುಣದಂಗ ಆಕ್ಕೈತಿ."

ನಾದಿನಿ ಕಟ್ಟಿಕೊಂಡು ಕುಣಿದು ತೋರಿಸಿದಳು. ಮಾಸ್ತರರು ಹೇಳಿದ್ದು ನಿಜವಿತ್ತು. ಆರು ವರ್ಷ ಭಾರ ಹೊತ್ತು ಕಲಿತ ಕಾಲು, ಭಾರವಿಲ್ಲದೆ ಬೇಗ ಬೇಗ ಮೇಲೇಳುತ್ತಿತ್ತು. ಮದ್ದಳೆಗಿಂತ ಮುಂದೆ ಹೋಗುತ್ತಿತ್ತು. ತಾಳದವಳು ಬಾಯಿಗೆ ಸೆರಗು ಹಿಡಿದಳು. ನಾದಿನಿ ನಿಂತುಬಿಟ್ಟಳು. ಎಲ್ಲರ ಎದುರಿಗೆ ಅವಳ ಕಣ್ಣು ತನ್ನ ಎದೆಯ ಕಡೆಗೇ ಇಳಿದದ್ದನ್ನು ನಾನು ಕಂಡೆ.

ಮಾಸ್ತರರೂ ಕಂಡಿರಬೇಕು. ಅವರಿಗೆ ಆಪರೇಷನ್ನಿನ ಸುದ್ದಿ ಗೊತ್ತಿತ್ತು, ಅದನ್ನು ಬಾಯಿಂದ ಆಡುವ ಮನುಷ್ಯರಲ್ಲ. ಸ್ವಲ್ಪ ಹೊತ್ತು ಮೀಸೆ ತಿಕ್ಕಿಕೊಂಡು, "ಕಾಲಿಗೆ ಏನಾರ ತಕ್ಲೀಫ್ ಐತೇನವಾ?" ಎಂದು ಕೇಳಿದರು.

"ಕಾಲಿಗೇನ ಆಗೇತ್ರಿ? ದಿನಾ ಎರಡ ಕೊಡ ನೀರ ತರತಿದ್ದೆ. ಈಗ ಒಂದ ಕೊಡ, ಬಲಗೈಲೆ."

"ಹಂಗಾರ ಬಾ ಇಲ್ಲಿ."

ತಮ್ಮ ಚೀಲದಿಂದ ಗೆಜ್ಜೆ ತೆಗೆದರು. ಎಲ್ಲರೂ ಕಟ್ಟುವುದು ಕಾಲಿಗೆ ಒಂದೊಂದು ಸರ. ಅವಳಿಗೆ ಮೂರು ಮೂರು ಸರ, ಕಂಚಿನ ದಪ್ಪ ಗೆಜ್ಜೆ, ತಾವೇ ಕೆಳಗೆ ಕುಳಿತು ಕಟ್ಟಿದರು. "ಹೆಗಲ ಮ್ಯಾಲಿಂದು ಕಾಲಿಗೆ ಇಳಿಸೀನಿ. ಈಗ ಎತ್ತು ನೋಡೂಣು."

ಅವಳು ಹೆಜ್ಜೆ ಎತ್ತಿದಳು. ಅದು ಎದ್ದಷ್ಟೇ ತೂಕದಿಂದ ಕೆಳಗೆ ಬಂತು. ಮಠದ ಫರಸಿ ಕಲ್ಲು ಧಂ ಅಂದಿತು. ಮಾಸ್ತರರು ತಲೆದೂಗಿ, "ಹಪ್ಪಳ ಅಂದದ್ದು ತಪ್ಪಾತು" ಎಂದು ನನಗೆ ಹೇಳಿದರು. "ಸಂಡಿಗಿ."

ಆಟದ ದಿನ ಅತ್ತೆ ಬರುವುದಿಲ್ಲ ಎಂದಿದ್ದರು. ಬೆಳಿಗ್ಗೆ ನಾನು ಲಿಂಗಪೂಜೆ ಮುಗಿಸಿ ಏಳುವಷ್ಟರಲ್ಲಿ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಮ್ಮ ಮನೆಯವರು ಅಂಗಡಿಯ ಗಾಡಿಯಲ್ಲಿ ನಮ್ಮನ್ನು ಕರೆದೊಯ್ದರು. ಕವಚ ನನ್ನ ಮಡಿಲಲ್ಲಿ, ಕಿರೀಟ ಅತ್ತೆಯ ಮಡಿಲಲ್ಲಿ.

ಬಣ್ಣದ ಕೋಣೆಯಲ್ಲಿ ವೇಷಕ್ಕೆ ಪೂಜೆ ಮಾಡುವ ಪದ್ಧತಿ. ಕಿರೀಟ, ಕವಚ, ಕತ್ತಿಗಳನ್ನು ಸಾಲಾಗಿಟ್ಟು ವಿಭೂತಿ ಹಚ್ಚಿ ಕರ್ಪೂರ ಬೆಳಗುತ್ತಾರೆ. ಫೋಮಿಗೆ ಬೆಂಕಿ ತಾಗಿದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆಂದು ನಮ್ಮ ಮನೆಯವರು ಎಚ್ಚರಿಸಿದ್ದರು. ಆರತಿಯ ತಟ್ಟೆ ಹತ್ತಿರ ಬರುವಾಗ ನಾನು ಅಡ್ಡ ನಿಂತೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಾಸ್ತರರು ತಟ್ಟೆ ತೆಗೆದುಕೊಂಡು ಹೊಸ್ತಿಲಿನಾಚೆ ನಿಂತು ಬೆಳಗಿದರು. "ಅಲ್ಲಿಂದಾನೂ ಕಾಣತೈತಿ ದೇವರಿಗೆ" ಎಂದರು. ಅಲ್ಲಿಗೆ ಮುಗಿಯಿತು.

ಅತ್ತೆ ಕವಚ ಕಟ್ಟಿದರು. ಬೆನ್ನಿಗೆ ಮೊಣಕಾಲು ಕೊಡಬೇಕಾಗಲಿಲ್ಲ.

ಮಠದ ಅಂಗಳದಲ್ಲಿ ಆಟಕ್ಕೆ ಕಟ್ಟಿದ ಅಟ್ಟದ ಮೇಲೆ ದೈತ್ಯರಾಜ ಬಂದಾಗ ಮುಂದಿನ ಸಾಲಿನ ಹೆಂಗಸರು ಮೊದಲು ನೋಡಿದ್ದು ಎದೆಯನ್ನೇ. ನಾನು ಅವರ ಕಣ್ಣುಗಳನ್ನೇ ಗಮನಿಸುತ್ತಿದ್ದೆ. ಅಲ್ಲಿ ವೀರಭದ್ರನ ಮೊಂಡು ಮೂಗಿನ ಮುಖವಿತ್ತು. ಮೂರು ಸರದ ಗೆಜ್ಜೆಯ ಹೆಜ್ಜೆ ಬಿತ್ತು, ಗಂಟಲು ಎದ್ದಿತು, ಕಣ್ಣುಗಳು ಮೇಲಕ್ಕೆ ಹೋದವು. ಮತ್ತೆ ಕೆಳಗೆ ಬಂದದ್ದನ್ನು ನಾನು ಕಾಣಲಿಲ್ಲ.

ಯುದ್ಧದ ಪ್ರಸಂಗ ಬರುವ ಹೊತ್ತಿಗೆ ಗಾಳಿ ಎದ್ದಿತು. ಶ್ರಾವಣದ ಗಾಳಿ ನಮ್ಮ ಕಡೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು, ಆದರೆ ಫೋಮಿನ ಜೊತೆ ಅದನ್ನು ಕೂಡಿಸಿ ಯೋಚಿಸಿರಲಿಲ್ಲ. ಕಟ್ಟಿಗೆಯ ಭುಜಕೀರ್ತಿಗೆ ಗಾಳಿಯ ಲೆಕ್ಕವಿಲ್ಲ. ನನ್ನವು ಮೊರದಂತೆ ಹೊಯ್ದಾಡಿದವು. ಬಲಗಡೆಯದು ಚೌಕಟ್ಟಿನಿಂದ ಅರ್ಧ ಬಿಚ್ಚಿಕೊಂಡು ಮುಖಕ್ಕೆ ಬಡಿಯಿತು. ಬಲಗೈಯಲ್ಲಿ ಕತ್ತಿ, ಎಡಗೈ ಅಲ್ಲಿಯತನಕ ಏಳದು. ಭುಜಕೀರ್ತಿ ಹಿಡಿಯಬೇಕೆಂದರೆ ಕತ್ತಿ ಬಿಡಬೇಕು, ಕತ್ತಿ ಬಿಟ್ಟ ರಾಜ ಯುದ್ಧಕ್ಕೆ ಮೊದಲೇ ಸೋತಂತೆ. ಮಾಸ್ತರರು ತಾಳ ನಿಲ್ಲಿಸಲು ಕೈ ಎತ್ತಿದರು. ನನ್ನ ಪಕ್ಕದಲ್ಲಿ ಅತ್ತೆ ಎದ್ದು ನಿಂತರು.

ನಾದಿನಿ ಕತ್ತಿಯನ್ನು ಎಡಗೈಗೆ ಬದಲಿಸಿದಳು. ಬಲಗೈಯಿಂದ ಭುಜಕೀರ್ತಿಯನ್ನು ಮೀಸೆ ತಿರುವಿದ ಠೀವಿಯಲ್ಲಿ ಒತ್ತಿ ಹಿಡಿದು, ಎಡಗೈ ಎತ್ತಿದಳು. ಆಪರೇಷನ್ ಆದಮೇಲೆ ಆ ಕೈ ಹೆಗಲಿನ ಮೇಲೆ ಹೋದದ್ದನ್ನು ನಾನು ಕಂಡಿರಲಿಲ್ಲ. ಅಂದು ಕಿವಿಯ ಮಟ್ಟಕ್ಕೆ ಹೋಯಿತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಕತ್ತಿಯೂ ಫೋಮಿನದು, ಅದರ ಭಾರವಿರಲಿಲ್ಲ. ಅಲ್ಲಿಯೇ ಹಿಡಿದು ಮಾತು ಹೇಳಿದಳು, ಮೂರು ಸುತ್ತು ಹಾಕಿದಳು, ಸೋಲಬೇಕಾದಲ್ಲಿ ಸೋತಳು. ಜನ ಚಪ್ಪಾಳೆ ತಟ್ಟಿದರು. ಎಡಗೈಲೆ ಹೊಡಿಯೂ ದೈತ್ಯನ್ನ ಇದ ಮೊದಲ ನೋಡಿದ್ದು ಎಂದು ಹಿಂದೆ ಯಾರೋ ಹೇಳಿದರು.

ಬಣ್ಣದ ಕೋಣೆಯಲ್ಲಿ ಅವಳು ಕಿರೀಟ ತೆಗೆಯದೆ ಗೋಡೆಗೆ ಒರಗಿ ಕುಳಿತಿದ್ದಳು. ಅತ್ತೆ ಎಡಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಒತ್ತಿ ಒತ್ತಿ ನೋಡಿದರು.

"ನೋಯಾಕತ್ತೈತೇನ?"

"ನೋಯಾಕತ್ತೈತಿ."

"ಮತ್ತ ಯಾಕ ಎತ್ತೀದಿ?"

"ಮತ್ತ ಏನ ಮಾಡಬೇಕಿತ್ತ ಬೇ? ಸೋಲೂ ಟೈಮ್ ಇನ್ನಾ ಬಂದಿದ್ದಿಲ್ಲ."

ಕೈ ಎರಡು ದಿನ ಬಾತಿತ್ತು. ಮೂರನೆಯ ದಿನ ಇಳಿಯಿತು. ಡಾಕ್ಟರು ಬೈದರಂತೆ, ಬೈದ ಮೇಲೆ ಆಟ ಯಾವುದು ಎಂದು ಕೇಳಿದರಂತೆ. ನಾನು ಆ ಮೂರು ದಿನ ಜಗಲಿಯ ಮುಂದೆ ಎರಡು ದೀಪ ಹೆಚ್ಚಿಗೆ ಹಚ್ಚಿದೆ. ಇಳಿದಾಗ ಏನೂ ಕೇಳದೆ ಕೈಮುಗಿದು ಎದ್ದೆ.

ದಸರೆಗೆ ತುರ್ವಿಹಾಳದವರು ತಂಡವನ್ನು ಕರೆದಿದ್ದಾರೆ. ಸುದ್ದಿ ಹೇಳಲು ನಾದಿನಿ ಫೋನ್ ಮಾಡಿದಾಗ, ಹೊಸ ಜೊತೆ ಭುಜಕೀರ್ತಿ ಮಾಡುತ್ತೇನೆ, ಈ ಸಲ ಗಾಳಿ ಹಾಯ್ದು ಹೋಗುವಂತೆ ನಡುನಡುವೆ ತೂತು ಬಿಡುತ್ತೇನೆ ಎಂದೆ.

"ಮಾಡು ವೈನಿ. ಇನ್ನೊಂದ ಮಾತು."

"ಹೇಳು."

"ಎಡಗಡೀದು ಎರಡ ಬಟ್ಟ ಸಣ್ಣ ಮಾಡೀದಿ."

ಅದು ನಿಜ. ಪತ್ರಿಕೆಯಿಂದ ರಟ್ಟಿಗೆ ಗೆರೆ ಇಳಿಸುವಾಗಲೇ ಎಡಗಡೆಯದನ್ನು ಎರಡು ಬೆರಳು ಒಳಗೆ ತೆಗೆದುಕೊಂಡಿದ್ದೆ, ಅಷ್ಟಾದರೂ ಹಗುರಾಗಲಿ ಎಂದು. ನಮ್ಮ ಮನೆಯವರಿಗೂ ಹೇಳಿರಲಿಲ್ಲ, ಅತ್ತೆಗೂ ಹೇಳಿರಲಿಲ್ಲ. ನೋಡುವವರಿಗೆ ಗೊತ್ತಾಗದಷ್ಟು ಕನ್ನಡಿ ಚೂರು ಹಚ್ಚಿ ಮುಚ್ಚಿದ್ದೆ.

"ಹೆಂಗ ಗೊತ್ತಾತು?"

"ಹೊತ್ತಾಕಿ ನಾನಲ್ಲೇನು? ಈ ಸಲ ಎರಡೂ ಸಮ ಮಾಡು."

ಆಗಲಿ ಎಂದೆ. ರಟ್ಟು ಹಾಸಿದ್ದೇನೆ. ಪತ್ರಿಕೆಯ ಗೆರೆಯನ್ನು ಈ ಸಲ ಇದ್ದದ್ದು ಇದ್ದಹಾಗೆ ಇಳಿಸಿಕೊಂಡಿದ್ದೇನೆ.